ಏರಿಯ ಪಾಠ, ಬೆಟ್ಟದ ಪಾಠ

(ಶಾಲಾ ಮಕ್ಕಳಿಗೆ ಜಲಾನಯನ ಶಿಕ್ಷಣ: ತೊಣ್ಣೂರು ಕೆರೆಯ ನಿದರ್ಶನ. ಉಪನ್ಯಾಸದ ಪಠ್ಯ)



ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿ ತೊಣ್ಣೂರು ಎಂಬ ಊರಿದೆ. ಕೆರೆಯ ಕಾರಣದಿಂದಲೇ ಅದನ್ನು ಕೆರೆತೊಣ್ಣೂರು ಎಂದು ಕರೆಯುವುದು ರೂಢಿ. ಮೇಲುಕೋಟೆಯ ಯಾತ್ರೆಗೆ ಹೋಗುವವರಲ್ಲಿ ಹಲವರು ಇಲ್ಲಿಗೂ ಬಂದು, ನಂಬಿ ನಾರಾಯಣನ ದೇವಾಲಯವನ್ನು ದರ್ಶಿಸಿ, ಬೆಟ್ಟದ ಮೇಲಿನ ಯೋಗಾನರಸಿಂಹನಿಗೆ ಕೈಮುಗಿದು, ಕೆರೆಯ ಏರಿಯ ಮೇಲೆ ನಿಂತು ನೀರನ್ನು ನೋಡಿ ಹಿಂದಿರುಗುತ್ತಾರೆ. ಈ ಕೆರೆಗೆ ತಿರುಮಲಸಾಗರವೆಂಬ ಹಳೆಯ ಹೆಸರಿದೆ. ಹನ್ನೆರಡನೆಯ ಶತಮಾನದ ಹೊಯ್ಸಳ ಅರಸ ವಿಷ್ಣುವರ್ಧನನ ಕಾಲಕ್ಕೂ ಶ್ರೀ ರಾಮಾನುಜಾಚಾರ್ಯರಿಗೂ ಇದರ ನಿರ್ಮಾಣವನ್ನು ಪರಂಪರೆ ಜೋಡಿಸುತ್ತದೆ. ಮುಂದೆ ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಗೆ ಬಂದ ದಖ್ಖನಿನ ನಾಸಿರ್ ಜಂಗನು ನೀರಿನ ತಿಳಿಯನ್ನು ಕಂಡು ಬೆರಗಾಗಿ ಇದನ್ನು 'ಮೋತಿ ತಲಾಬ್' ಎಂದು ಕರೆದನೆಂಬುದು ಪ್ರತೀತಿ. ಮೋತಿ ಎಂದರೆ ಮುತ್ತು.

ಮಲೆನಾಡಿನ ಸಭೆಯಲ್ಲಿ ಬಯಲುಸೀಮೆಯ ಕೆರೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಪಶ್ಚಿಮ ಘಟ್ಟದ ಅನೇಕ ಊರುಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮಂಡ್ಯ ಜಿಲ್ಲೆಯ ಪಾಲಿಗೆ ಬರುವುದು ಸುಮಾರು 700 ಮಿಲಿಮೀಟರ್ ಮಾತ್ರ. ಆದರೂ ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಏಪ್ರಿಲ್ ತಿಂಗಳು ಬರುವಷ್ಟರಲ್ಲಿ ಬಾವಿಯ ತಳ ಕಾಣುತ್ತದೆ, ಟ್ಯಾಂಕರಿನ ದಾರಿ ಕಾಯುವ ಕೊಡಗಳ ಸಾಲು ಬೆಳೆಯುತ್ತದೆ. ಕಡಿಮೆ ಮಳೆಯ ನಾಡಿನವರು ನೀರನ್ನು ಹಿಡಿದಿಡುವ ವಿದ್ಯೆಯನ್ನು ಕಲಿತರು. ಹೆಚ್ಚು ಮಳೆಯ ನಾಡಿನವರು ಕಲಿಯುವ ಅಗತ್ಯ ತಮಗಿಲ್ಲವೆಂದು ಭಾವಿಸಿದರು. ಹೀಗಾಗಿ ತೊಣ್ಣೂರು ಮಲೆನಾಡಿಗೂ ಒಂದು ಪಾಠಶಾಲೆಯೇ ಸರಿ. ಆದರೆ ಅಲ್ಲಿ ಏನನ್ನು ಕಲಿಯಬೇಕು, ಮಕ್ಕಳಿಗೆ ಏನನ್ನು ಕಲಿಸಬೇಕು ಎಂಬುದರಲ್ಲಿ ಒಂದು ತಪ್ಪು ಬಹುಕಾಲದಿಂದ ನಡೆದುಬಂದಿದೆ. ಇಂದಿನ ವಿಷಯ ಆ ತಪ್ಪನ್ನು ಕುರಿತದ್ದು.

ಚಿತ್ರದಲ್ಲಿ ಇಲ್ಲದ ಜಾಗ

ನಾಲ್ಕನೆಯ ತರಗತಿಯ ಮಗುವಿಗೆ ಕೆರೆಯ ಚಿತ್ರ ಬರೆಯಲು ಹೇಳಿದರೆ ಅದು ಒಂದು ನೀಲಿ ವೃತ್ತವನ್ನು ಬರೆಯುತ್ತದೆ. ಒಳಗೆ ಎರಡು ಬಾತುಕೋಳಿ, ಒಂದು ತಾವರೆ, ಮೇಲೆ ಒಂದು ಮೋಡ. ನೀರು ಎಲ್ಲಿಂದ ಬಂತು ಎಂದು ಕೇಳಿದರೆ ಮೋಡವನ್ನು ತೋರಿಸುತ್ತದೆ. ಉತ್ತರ ತಪ್ಪಲ್ಲ. ಆದರೆ ಮೋಡಕ್ಕೂ ಕೆರೆಗೂ ನಡುವೆ ಇರುವ ಬೆಟ್ಟ, ಇಳಿಜಾರು, ಹುಲ್ಲು, ಹಳ್ಳ ಇವು ಯಾವುವೂ ಆ ಚಿತ್ರದಲ್ಲಿಲ್ಲ. ಕೆರೆಯ ಕನ್ನಡಿಯ ಮೇಲೆ ನೇರವಾಗಿ ಬೀಳುವ ಮಳೆ ಅದರ ನೀರಿನಲ್ಲಿ ಒಂದು ಸಣ್ಣ ಪಾಲು ಮಾತ್ರ. ಉಳಿದುದೆಲ್ಲ ಚಿತ್ರದಲ್ಲಿ ಇಲ್ಲದ ಆ ಜಾಗದಿಂದಲೇ ಬರಬೇಕು. ಆ ಜಾಗಕ್ಕೆ ಜಲಾನಯನ ಪ್ರದೇಶವೆಂದು ಹೆಸರು. ಎಲ್ಲಿ ಬಿದ್ದ ಮಳೆಹನಿ ಕೊನೆಗೆ ಈ ಕೆರೆಗೇ ಬಂದು ಸೇರುವುದೋ ಅಷ್ಟೂ ನೆಲ ಆ ಕೆರೆಯ ಜಲಾನಯನ.

ಮಗು ಬಿಟ್ಟದ್ದನ್ನೇ ದೊಡ್ಡವರೂ ಬಿಟ್ಟಿದ್ದಾರೆ. ತೊಣ್ಣೂರಿನ ವಿಷಯದಲ್ಲಿ ಹೇಳುವ ಕಥೆಗಳನ್ನು ಗಮನಿಸಬೇಕು. ಏರಿಯನ್ನು ಯಾರು ಕಟ್ಟಿಸಿದರು, ಎಷ್ಟು ಎತ್ತರ ಕಟ್ಟಿಸಿದರು, ಹದಿನೆಂಟನೆಯ ಶತಮಾನದ ಕೊನೆಯ ಯುದ್ಧಗಳ ಕಾಲದಲ್ಲಿ ಶತ್ರುಸೈನ್ಯಕ್ಕೆ ನೀರು ದೊರೆಯದಿರಲೆಂದು ಅದನ್ನು ಹೇಗೆ ಒಡೆಯಲಾಯಿತು ಎಂದೇ ಕಥೆಗಳು ಹೇಳುತ್ತವೆ. ಎಲ್ಲವೂ ಏರಿಯ ಕಥೆಗಳೇ. ನೀರನ್ನು ಕೊಟ್ಟ ಬೆಟ್ಟಗಳ ಕಥೆಯನ್ನು ಹೇಳಿದವರು ವಿರಳ. ಕಟ್ಟಿದ್ದಕ್ಕೆ ಕರ್ತೃವಿರುತ್ತಾನೆ, ಶಾಸನವಿರುತ್ತದೆ. ಕಟ್ಟದೆ ಉಳಿಸಿಕೊಂಡದ್ದಕ್ಕೆ ಇವೆರಡೂ ಇರುವುದಿಲ್ಲ.

ಎರಡು ಹಳ್ಳಗಳ ಕೂಡಲು

ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ, ಕೃಷಿ ಮತ್ತು ಜನಜೀವನವನ್ನು ಕುರಿತು ದಿನಚರಿ ಬರೆದನು. ಅದು 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ತೊಣ್ಣೂರಿಗೂ ಬಂದಿದ್ದ ಆತನು ಕೆರೆಯ ರಚನೆಯನ್ನು ವಿವರಿಸಿದ್ದಾನೆ. ಎರಡು ಬೆಟ್ಟದ ಹಳ್ಳಗಳು ಕೂಡಿ, ಎರಡು ಕಲ್ಲುಬೆಟ್ಟಗಳ ನಡುವಿನ ಸಂದಿಯಲ್ಲಿ ನುಗ್ಗಿ ಹೋಗುತ್ತಿದ್ದವು. ಆ ಸಂದಿಯನ್ನೇ ಏರಿಯಿಂದ ಮುಚ್ಚಲಾಯಿತು. ಏರಿಯ ಎತ್ತರ 78 ಮೊಳ, ಉದ್ದ 150 ಮೊಳ, ತಳದ ದಪ್ಪ 250 ಮೊಳ ಎಂದು ಅವನಿಗೆ ತಿಳಿಸಲಾಯಿತು. ಹೆಚ್ಚಿನ ನೀರು ಬೆಟ್ಟವೊಂದನ್ನು ಕಡಿದು ಮಾಡಿದ ಕಾಲುವೆಯ ಮೂಲಕ ಹೊರಟು ಕೆಳಗಿನ ಬಯಲಿಗೆ ಉಣಿಸುತ್ತಿತ್ತು. ಕೆರೆ ತುಂಬಿದರೆ ರೈತರಿಗೆ ಎರಡು ವರ್ಷಕ್ಕೆ ಸಾಕಾಗುವಷ್ಟು ನೀರು. ಆದರೆ ಮಳೆ ಕೈಕೊಡುವುದರಿಂದ ನೀರು ಅನೇಕ ವೇಳೆ ಕಾಲುವೆಯ ಬಾಯಿಗಿಂತ ಕೆಳಗೇ ಉಳಿಯುತ್ತದೆ ಎಂಬುದನ್ನೂ ಆತನು ಬರೆಯಲು ಮರೆಯಲಿಲ್ಲ.

ಈ ಕೆಲವೇ ಸಾಲುಗಳ ವಿವರದಲ್ಲಿ ಪ್ರಾಥಮಿಕ ಶಾಲೆಯ ಒಂದು ವರ್ಷದ ಪಾಠವಿದೆ. ಏರಿಯು ಉದ್ದಕ್ಕಿಂತ ದಪ್ಪವೇ ಹೆಚ್ಚಾಗಿ ಏಕಿರಬೇಕು? ನೀರು ಆಳವಾದಷ್ಟೂ ಅದರ ಒತ್ತಡ ಹೆಚ್ಚು. ಒಂದು ಡಬ್ಬಿಯ ಪಕ್ಕದಲ್ಲಿ ಮೇಲೊಂದು ಕೆಳಗೊಂದು ತೂತು ಮಾಡಿ ನೀರು ತುಂಬಿದರೆ, ಕೆಳಗಿನ ತೂತಿನಿಂದ ನೀರು ಹೆಚ್ಚು ರಭಸದಿಂದ ಚಿಮ್ಮುವುದನ್ನು ಮಗು ತಾನೇ ಕಾಣುತ್ತದೆ. ಮೊಳವೆಂದರೆಷ್ಟು? ಮಗುವಿನ ಮೊಳಕ್ಕೂ ಅಜ್ಜನ ಮೊಳಕ್ಕೂ ವ್ಯತ್ಯಾಸವೆಷ್ಟು? ಇದು ಗಣಿತ. ಏರಿಯನ್ನು ಆ ಸಂದಿಯಲ್ಲೇ ಏಕೆ ಕಟ್ಟಿದರು? ಕಡಿಮೆ ಉದ್ದದ ಗೋಡೆಗೆ ಹೆಚ್ಚು ನೀರು ನಿಲ್ಲುವ ತಾಣ ಅದೊಂದೇ. ಇದು ಭೂಗೋಳ.

ಆದರೆ ಕೊನೆಯ ಮಾತು ಎಲ್ಲಕ್ಕಿಂತ ದೊಡ್ಡದು. ಅಂಥ ಏರಿ ಇದ್ದೂ ನೀರು ಕಾಲುವೆಯ ಬಾಯಿಯನ್ನು ಮುಟ್ಟದ ವರ್ಷಗಳಿದ್ದವು. ಏರಿ ನೀರನ್ನು ಉತ್ಪಾದಿಸುವುದಿಲ್ಲ, ಬಂದುದನ್ನು ತಡೆದು ನಿಲ್ಲಿಸುತ್ತದೆ ಅಷ್ಟೆ. ಮುತ್ತಿನಂಥ ತಿಳಿನೀರೆಂಬ ಕೀರ್ತಿಯೂ ನ್ಯಾಯವಾಗಿ ಸಲ್ಲಬೇಕಾದದ್ದು ಬೆಟ್ಟಕ್ಕೆ. ಬೆಟ್ಟದ ಮಣ್ಣು ಬೆಟ್ಟದಲ್ಲೇ ಉಳಿದಿದ್ದರಿಂದ ಕೆರೆಯ ನೀರು ತಿಳಿಯಾಗಿತ್ತು. ಮೋತಿ ತಲಾಬ್ ಎಂಬ ಹೆಸರು ಆ ಜಲಾನಯನಕ್ಕೆ ದೊರೆತ ಪ್ರಮಾಣಪತ್ರ.

ಮುರಿದ ಏರಿಯನ್ನು ಮತ್ತೆ ಕಟ್ಟಬಹುದು. ಕೊಚ್ಚಿಹೋದ ಮಣ್ಣನ್ನು ಮತ್ತೆ ಮಾಡಲಾಗದು. ಒಂದು ಅಂಗುಲ ಮೇಲ್ಮಣ್ಣು ಉಂಟಾಗಲು ನೂರಾರು ವರ್ಷಗಳು ಬೇಕು. ಒಂದು ಹೆಕ್ಟೇರ್ ಇಳಿಜಾರಿನಿಂದ ಕೇವಲ ಒಂದು ಮಿಲಿಮೀಟರ್ ದಪ್ಪದ ಮಣ್ಣು ತೊಳೆದು ಹೋದರೆ ಅದರ ತೂಕ ಸುಮಾರು 13 ಟನ್ನು, ಅಂದರೆ ನಾಲ್ಕಕ್ಕೂ ಹೆಚ್ಚು ಟ್ರ್ಯಾಕ್ಟರ್ ಲೋಡು. ಒಂದು ಮಿಲಿಮೀಟರ್ ಸವೆತ ಕಣ್ಣಿಗೆ ಕಾಣುವುದಿಲ್ಲ. ನಾಲ್ಕು ಲೋಡು ಹೂಳು ಕೆರೆಯ ತಳದಲ್ಲಿ ಜಾಗ ಹಿಡಿಯದೆ ಇರುವುದಿಲ್ಲ. ಕೆರೆಯ ಹೂಳೆಂದರೆ ತಪ್ಪು ಜಾಗದಲ್ಲಿ ಮಲಗಿರುವ ಬೆಟ್ಟ ಎಂದು ಹೇಳಿದರೆ ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ತೋಟಕ್ಕೆ ಬೆಟ್ಟ ಹೇಗೋ ಹಾಗೆ

ಮಲೆನಾಡಿನ ರೈತನಿಗೆ ಈ ತತ್ತ್ವ ಹೊಸತಲ್ಲ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ವ್ಯವಸ್ಥೆ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ತೋಟ ಕಣಿವೆಯಲ್ಲಿ, ಬೆಟ್ಟ ಅದರ ನೆತ್ತಿಯಲ್ಲಿ. ಸೊಪ್ಪು, ದರಕು, ಹುಲ್ಲು ಮಾತ್ರವಲ್ಲದೆ ತೋಟದ ಹಳ್ಳದ ನೀರೂ ಆ ಬೆಟ್ಟದ ಕೊಡುಗೆಯೇ. ಬೆಟ್ಟ ಬೋಳಾದ ಕಡೆ ತೋಟದ ಬಾವಿ ಬೇಗ ಒಣಗುವುದನ್ನು ಕಂಡ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡಾಗ ಅವರು ಉಳಿಸಲು ಹೊರಟದ್ದು ಮರಗಳ ಜೊತೆಗೆ ತಮ್ಮ ಹಳ್ಳಗಳನ್ನೂ ಹೌದು.

ತೊಣ್ಣೂರಿನ ಬೆಟ್ಟ ಮಲೆನಾಡಿನ ಬೆಟ್ಟದಂತಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಅದು ಬಂಡೆ, ಹುಲ್ಲು, ಮುಳ್ಳುಪೊದೆ, ಕುರುಚಲು ಗಿಡಗಳ ಒಣಬೆಟ್ಟ. ಅದಕ್ಕೆ ಹೊಂದಿಕೊಂಡ ಸೀಮೆಯಲ್ಲಿ 1974ರಲ್ಲಿ ಮೇಲುಕೋಟೆ ವನ್ಯಜೀವಿಧಾಮವನ್ನು ಘೋಷಿಸಲಾಯಿತು. ಅದು ತೋಳಗಳ ನೆಲೆ. ಕುರುಚಲು ಕಾಡು ಹಾಳುಭೂಮಿಯಲ್ಲ. ತೆಳುವಾದ ಕೆಂಪುಮಣ್ಣಿನ ಮೇಲೆ ದೊಡ್ಡ ಮಳೆಹನಿಯೊಂದು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಬಂದು ಅಪ್ಪಳಿಸುತ್ತದೆ. ಬೋಳುನೆಲವಾದರೆ ಮಣ್ಣಿನ ಕಣಗಳು ಸಿಡಿದು, ರಂಧ್ರಗಳು ಮುಚ್ಚಿ, ಮೇಲೊಂದು ಹೆಪ್ಪು ಕಟ್ಟುತ್ತದೆ. ಆಮೇಲೆ ನೀರು ಇಂಗದೆ ಹರಿದೋಡುತ್ತದೆ. ಆ ಪೆಟ್ಟನ್ನು ತಡೆಯುವುದು ಹುಲ್ಲಿನ ಗರಿ ಮತ್ತು ಒಣಗಿದ ತರಗು. ಗುಡ್ಡದ ಹುಲ್ಲನ್ನು ಕಿತ್ತು ಗುಂಡಿ ತೋಡಿ, ಆ ನೆಲಕ್ಕೆ ಒಗ್ಗದ ಸಸಿಯನ್ನು ನೆಟ್ಟು ಬರುವುದರಿಂದ ಎಷ್ಟೋ ವೇಳೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಅಕೇಶಿಯಾ ನೆಡುತೋಪುಗಳನ್ನು ಕಂಡ ಮಲೆನಾಡಿನವರಿಗೆ ಹಸಿರಾಗಿ ಕಂಡುದೆಲ್ಲ ಕಾಡಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಘೋಷಣೆಯಿಂದ ಅಳತೆಯ ಕಡೆಗೆ

ಪರಿಸರ ಶಿಕ್ಷಣಕ್ಕೆ ಕಾನೂನಿನ ಬಲವಿಲ್ಲವೆಂದು ಹೇಳುವಂತಿಲ್ಲ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಈ ಕುರಿತು ನಿರ್ದೇಶನ ನೀಡಿತು. 2003ರ ಡಿಸೆಂಬರಿನಲ್ಲಿ ಅದನ್ನು ಕಡ್ಡಾಯವಾಗಿ ಜಾರಿಗೊಳಿಸುವಂತೆ ಆದೇಶಿಸಿತು. 2001-02ರಿಂದ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳು ಆರಂಭವಾದವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿನೊಡನೆ ಜೋಡಿಸಬೇಕೆಂದು ಹೇಳಿತು.

ಆದರೂ ಬಹಳಷ್ಟು ಕಡೆ ಪರಿಸರ ಶಿಕ್ಷಣವೆಂದರೆ ಜೂನ್ 5ರಂದು ಒಂದು ಬ್ಯಾನರು, ಒಂದು ಜಾಥಾ, ಕಳೆದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ. ನಲ್ಲಿಯನ್ನು ನಿಲ್ಲಿಸಿ, ನೀರನ್ನು ಉಳಿಸಿ ಎಂದು ಮಗುವಿಗೆ ಉಪದೇಶ. ಉಪದೇಶ ಒಳ್ಳೆಯದೇ. ಆದರೆ ಮಗು ಉಳಿಸುವ ಒಂದು ಚೊಂಬು ನೀರಿಗೂ ಬೆಟ್ಟವೊಂದು ಕಳೆದುಕೊಳ್ಳುವ ಕೋಟಿ ಲೀಟರಿಗೂ ಇರುವ ಅಂತರವನ್ನು ಅದಕ್ಕೆ ತಿಳಿಸದಿದ್ದರೆ ಅದು ಅರ್ಧ ಶಿಕ್ಷಣ.

ಬೇರೆ ದಾರಿಗಳಿವೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು, ಹಳ್ಳಿಯ ಮಕ್ಕಳು ಸುತ್ತಲಿನ ಹೊಲ, ಗಿಡ, ಮಣ್ಣುಗಳಿಂದಲೇ ಪ್ರಯೋಗ ಮಾಡಿ ವಿಜ್ಞಾನ ಕಲಿಯಬಲ್ಲರೆಂದು 2002ರಲ್ಲಿ ನಿಲ್ಲುವವರೆಗೂ ತೋರಿಸಿತು. ಹಿಮಾಲಯದ ಅಲ್ಮೋರದಲ್ಲಿ ಉತ್ತರಾಖಂಡ ಸೇವಾ ನಿಧಿ ಎಂಬ ಸಂಸ್ಥೆ ಇನ್ನೂ ಹತ್ತಿರದ ಮಾದರಿಯನ್ನು ಕೊಟ್ಟಿದೆ. ಅದು ರೂಪಿಸಿದ ಪಾಠಕ್ರಮದಲ್ಲಿ ಗುಡ್ಡಗಾಡಿನ ಮಕ್ಕಳು ತಮ್ಮ ಊರಿನ ಸೌದೆಯ ಹೊರೆಯನ್ನು ತೂಗುತ್ತಾರೆ, ದನಗಳನ್ನು ಎಣಿಸುತ್ತಾರೆ, ಮೇವಿನ ನೆಲವನ್ನು ಅಳೆಯುತ್ತಾರೆ, ಊರಿನ ಬೆಟ್ಟ ಊರಿನ ಬೇಡಿಕೆಯನ್ನು ತಾಳಬಲ್ಲದೇ ಎಂದು ಲೆಕ್ಕ ಹಾಕುತ್ತಾರೆ. ಕರ್ನಾಟಕವೂ ಬರಿಗೈಯಲ್ಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ ಕಲಿ' ಪದ್ಧತಿಯು, ಸರ್ಕಾರಿ ಶಾಲೆಯ ಪುಟ್ಟ ಮಕ್ಕಳೂ ಕೈಕೆಲಸದ ಮೂಲಕ, ತಮ್ಮದೇ ವೇಗದಲ್ಲಿ ಕಲಿಯಬಲ್ಲರೆಂಬುದನ್ನು ತೋರಿಸಿದೆ.

ಒಂದು ವರ್ಷದ ಪಾಠ

ಖರ್ಚಿಲ್ಲದೆ ಯಾವ ಶಾಲೆಯೂ ನಡೆಸಬಹುದಾದ ಪಾಠಗಳನ್ನು ಇಲ್ಲಿ ಕ್ರಮವಾಗಿ ಹೇಳಲಾಗಿದೆ. ತೊಣ್ಣೂರಿನ ಶಾಲೆಗೆ ಹೇಗೋ ಮಲೆನಾಡಿನ ಶಾಲೆಗೂ ಹಾಗೆಯೇ ಇವು ಸಲ್ಲುತ್ತವೆ.

ಮೊದಲನೆಯದು ಕಾಗದದ ಬೆಟ್ಟ. ಒಂದು ದಪ್ಪ ಕಾಗದವನ್ನು ಮುದುಡಿ, ಅರ್ಧ ಬಿಡಿಸಿ ತಟ್ಟೆಯಲ್ಲಿಡಬೇಕು. ಏಣುಗಳ ಮೇಲೆ ನೀಲಿ ಶಾಯಿ ಹಚ್ಚಿ ಕೈಯಿಂದ ನೀರು ಚಿಮುಕಿಸಬೇಕು. ಶಾಯಿ ಎಲ್ಲಿ ಇಳಿಯುತ್ತದೆ, ಎಲ್ಲಿ ಕೂಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಕ್ಕಳು ನೋಡುತ್ತಾರೆ. ಎರಡು ಹನಿಗಳು ಪಕ್ಕಪಕ್ಕದಲ್ಲಿ ಬಿದ್ದರೂ ಏಣಿನ ಆಚೆಗೊಂದು ಈಚೆಗೊಂದು ಹರಿದು ಬೇರೆ ಬೇರೆ ಹಳ್ಳ ಸೇರುತ್ತವೆ. ಜಲಾನಯನದ ಗಡಿಯೆಂದರೆ ಅದೇ. ಒಂದನೆಯ ತರಗತಿಯ ಮಗುವಿಗೂ ಇದು ಆಟ.

ಎರಡನೆಯದು ಮೂರು ತೊಟ್ಟಿಗಳ ಪರೀಕ್ಷೆ. ಬಿಸಾಡಿದ ದೊಡ್ಡ ನೀರಿನ ಬಾಟಲಿಗಳನ್ನು ಉದ್ದುದ್ದಕ್ಕೆ ಕತ್ತರಿಸಿ, ಒಂದೇ ಮಣ್ಣು ತುಂಬಿ, ಒಂದೇ ಇಳಿಜಾರಿನಲ್ಲಿಡಬೇಕು. ಒಂದು ಬೋಳು, ಒಂದಕ್ಕೆ ತರಗಿನ ಹೊದಿಕೆ, ಒಂದರಲ್ಲಿ ಬೇರುಸಹಿತ ಹುಲ್ಲು. ಮೂರಕ್ಕೂ ಒಂದೊಂದು ಚೊಂಬು ನೀರನ್ನು ಜರಡಿಯಿಂದ ಸುರಿದು, ಕೆಳಗೆ ಇಳಿದುಬಂದ ನೀರನ್ನು ಲೋಟಗಳಲ್ಲಿ ಹಿಡಿಯಬೇಕು. ಯಾವುದು ಮೊದಲು ಬಂತು, ಯಾವುದು ಕೆಂಪಾಗಿದೆ, ಯಾವುದು ತಡವಾಗಿ ತೊಟ್ಟಿಕ್ಕುತ್ತಿದೆ ಎಂದು ಮಕ್ಕಳು ಬರೆದುಕೊಳ್ಳಬೇಕು. 'ಮೋತಿ' ಎಂಬ ಹೆಸರಿನ ಅರ್ಥ ಆ ಮೂರನೆಯ ಲೋಟದಲ್ಲಿ ಕಾಣುತ್ತದೆ.

ಮೂರನೆಯದು ಮಳೆಯ ಲೆಕ್ಕ. ನೇರ ಬದಿಯ, ಸಮತಟ್ಟಾದ ತಳದ ಡಬ್ಬಿಯೊಂದನ್ನು ಬಯಲಿನಲ್ಲಿ ಇಟ್ಟು, ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಅಳತೆಪಟ್ಟಿಯಿಂದ ಅಳೆದು ಶಾಲೆಯ ಗೋಡೆಯ ಮೇಲೆ ಬರೆಯಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಶಾಲೆಯ ಸೂರಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್. ಅದೇ ಮಳೆ ಒಂದು ಎಕರೆ ಬೆಟ್ಟದ ಮೇಲೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್, ನೂರು ಎಕರೆಗೆ ಒಂದು ಕೋಟಿ. ಗುಣಾಕಾರ ಕಲಿಯಲು ಇದಕ್ಕಿಂತ ಉಪಯುಕ್ತವಾದ ಲೆಕ್ಕ ದೊರೆಯುವುದು ಕಷ್ಟ.

ನಾಲ್ಕನೆಯದು ಬಾವಿಯ ಹಗ್ಗ. ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ, ಶಿಕ್ಷಕರೇ ಇಳಿಬಿಟ್ಟು, ತಿಂಗಳಿಗೊಮ್ಮೆ ಊರಿನ ಒಂದು ಬಾವಿಯ ನೀರಿನ ಮಟ್ಟವನ್ನು ಗುರುತಿಸಬೇಕು. ಮಳೆಯ ಪಟ್ಟಿಯ ಪಕ್ಕದಲ್ಲಿ ಬಾವಿಯ ಪಟ್ಟಿಯನ್ನು ಬರೆದರೆ, ಮಳೆ ನಿಂತ ಮೇಲೂ ಬಾವಿಯನ್ನು ತುಂಬುತ್ತಿರುವವರು ಯಾರು ಎಂಬ ಪ್ರಶ್ನೆ ಮಕ್ಕಳಲ್ಲಿ ತಾನಾಗಿ ಏಳುತ್ತದೆ.

ಐದನೆಯದು ಅಜ್ಜಿಯ ಪಾಠ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಹೂಳು ಈ ಮಾತುಗಳ ಅರ್ಥವನ್ನು ಮನೆಯ ಹಿರಿಯರಿಂದ ಕೇಳಿ ಬರೆದು ತರಬೇಕು. ತೂಬು ತೆಗೆದು ಮುಚ್ಚಿ ನೀರು ಹಂಚುತ್ತಿದ್ದ ನೀರುಗಂಟಿಯ ಕೆಲಸವೇನಿತ್ತು? ಬೆಟ್ಟದ ಹಳ್ಳಗಳ ಹೆಸರೇನು? ಯಾವ ಹಳ್ಳ ಯಾವ ಹಬ್ಬದವರೆಗೆ ಹರಿಯುತ್ತಿತ್ತು? ಈಗ ಯಾವ ತಿಂಗಳಿಗೆ ನಿಲ್ಲುತ್ತದೆ? ಹೆಸರು ಮರೆತ ಹಳ್ಳವನ್ನು ಮುಚ್ಚಿದರೆ ಕೇಳುವವರು ಇರುವುದಿಲ್ಲ. ಹೆಸರನ್ನು ಉಳಿಸುವುದೇ ರಕ್ಷಣೆಯ ಮೊದಲ ಹೆಜ್ಜೆ.

ಆರನೆಯದು ನಡಿಗೆ. ಉಳಿದ ಐದೂ ಪಾಠಗಳು ಈ ನಡಿಗೆಗೆ ಸಿದ್ಧತೆ. ಮಕ್ಕಳು ಕೆರೆಗೆ ಬೆನ್ನು ಮಾಡಿ ನಿಂತು, ಹಳ್ಳದ ಜಾಡು ಹಿಡಿದು ಮೇಲಕ್ಕೆ, ನೀರು ಇಬ್ಭಾಗವಾಗುವ ನೆತ್ತಿಯವರೆಗೆ ನಡೆಯಬೇಕು. ಎಲ್ಲಿ ಹುಲ್ಲಿದೆ, ಎಲ್ಲಿ ಕೊರಕಲು ಬಿದ್ದಿದೆ, ಎಲ್ಲಿ ಬಾಟಲಿ ಮತ್ತು ಪ್ಲಾಸ್ಟಿಕ್ ತಟ್ಟೆಗಳ ರಾಶಿಯಿದೆ ಎಂದು ನಕ್ಷೆಯಲ್ಲಿ ಗುರುತಿಸಬೇಕು. ಮಲೆನಾಡಿನಲ್ಲಿ ಈ ನಡಿಗೆ ತೋಟದ ಬಾವಿಯಿಂದ ಆರಂಭವಾಗಿ ಸೊಪ್ಪಿನ ಬೆಟ್ಟದ ತುದಿಯಲ್ಲಿ ಮುಗಿಯಬಹುದು.

ಎಚ್ಚರದ ಮಾತುಗಳೂ ಅಗತ್ಯ. ತೊಣ್ಣೂರಿನಂಥ ಆಳವಾದ ಕೆರೆಯಲ್ಲಿ ಮಕ್ಕಳನ್ನು ಎಂದಿಗೂ ನೀರಿಗಿಳಿಸಬಾರದು. ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರು ಜೊತೆಯಲ್ಲಿರಬೇಕು. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಮಲೆನಾಡಿನ ಊರುಗಳಲ್ಲಿ, ಉಣುಗುಗಳ ಹಾವಳಿಯಿರುವ ನವೆಂಬರಿನಿಂದ ಮೇ ತಿಂಗಳವರೆಗೆ ಮಕ್ಕಳನ್ನು ಕಾಡಿಗೆ ಕರೆದೊಯ್ಯದೆ, ಮಳೆಯ ಬಿರುಸು ಇಳಿದ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಡಿಗೆ ಇಟ್ಟುಕೊಳ್ಳುವುದು ಲೇಸು.

ಶಿಕ್ಷಕರ ಅಳುಕು

ಇಷ್ಟರವರೆಗೆ ಹೇಳಿದ್ದು ಸುಲಭದ ಭಾಗ. ಕಷ್ಟದ ಭಾಗ ನಡಿಗೆಯ ಮರುದಿನ ಆರಂಭವಾಗುತ್ತದೆ. ಹಳ್ಳದ ಜಾಡು ಹಿಡಿದು ಹೊರಟ ಮಗು, ಹಳ್ಳವನ್ನು ಯಾರೋ ಮುಚ್ಚಿ ಹೊಲ ಮಾಡಿದ್ದನ್ನು ಕಾಣಬಹುದು. ಇಳಿಜಾರಿನಲ್ಲಿ ಬುಡಸಹಿತ ನೆಲ ಕೆದಕಿ ಶುಂಠಿ ಹಾಕಿದ್ದನ್ನು ಕಾಣಬಹುದು. ಬೆಟ್ಟದ ಬಗಲಿನಲ್ಲಿ ಕಲ್ಲು ತೆಗೆದ ಗಾಯವನ್ನು ಕಾಣಬಹುದು. ಇವನ್ನು ಮಾಡಿದವರು ಆ ಮಗುವಿನ ತಂದೆಯೋ, ಚಿಕ್ಕಪ್ಪನೋ, ಶಾಲಾಭಿವೃದ್ಧಿ ಸಮಿತಿಯ ಸದಸ್ಯರೋ ಆಗಿರಬಹುದು. ಆಗ ಮಗು ತರಗತಿಯಲ್ಲಿ ಎದ್ದು ನಿಂತು, ಇದು ತಪ್ಪಲ್ಲವೇ ಎಂದು ಕೇಳುತ್ತದೆ. ಎಷ್ಟೋ ಕಡೆ ಪರಿಸರ ಪಾಠ ಸಸಿ ನೆಡುವುದರಲ್ಲೇ ನಿಂತುಹೋಗುವುದಕ್ಕೆ ಕಾರಣ ಶಿಕ್ಷಕರ ಸೋಮಾರಿತನವಲ್ಲ, ಈ ಪ್ರಶ್ನೆಯ ಭಯ.

ಈ ಭಯವನ್ನು ಹಗುರವಾಗಿ ಕಾಣಬಾರದು. ಮಗುವನ್ನು ಅದರ ಮನೆಯವರ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುವುದು ಶಿಕ್ಷಣವಲ್ಲ. ಆದುದರಿಂದ ಮಕ್ಕಳ ನಕ್ಷೆಯಲ್ಲಿ ನೆಲದ ಸ್ಥಿತಿ ಇರಬೇಕು, ಒಡೆಯನ ಹೆಸರು ಇರಬಾರದು. ಹುಲ್ಲುನೆಲಕ್ಕೆ ಹಸಿರು, ಬೋಳುನೆಲಕ್ಕೆ ಕೆಂಪು, ಕೊರಕಲಿಗೆ ಕಪ್ಪು ಗೆರೆ, ಇಷ್ಟು ಸಾಕು. ಯಾರು ಕೆಡಿಸಿದರು ಎಂಬ ಪ್ರಶ್ನೆಗೆ ಬದಲಾಗಿ, ಇಲ್ಲಿ ಮಣ್ಣು ನಿಲ್ಲಬೇಕಾದರೆ ಏನಿರಬೇಕು ಎಂದು ಕೇಳಿಸಬೇಕು. ಇಳಿಜಾರಿಗೆ ಅಡ್ಡಲಾಗಿ ಹುಲ್ಲಿನ ಸಾಲು, ಹಳ್ಳಕ್ಕೆ ಕಲ್ಲಿನ ಸಣ್ಣ ಒಡ್ಡು, ಹಳ್ಳದ ದಂಡೆಯಲ್ಲಿ ಕೆಲವು ಮೊಳ ಉಳುಮೆಯಿಲ್ಲದ ಪಟ್ಟಿ ಎಂಬ ಉತ್ತರಗಳನ್ನು ಮಕ್ಕಳೇ ಹೇಳುತ್ತಾರೆ. ಇಂಥ ಉತ್ತರ ಮನೆಗೆ ಹೋದರೆ ಜಗಳವಾಗುವುದಿಲ್ಲ, ಚರ್ಚೆಯಾಗುತ್ತದೆ. ಬೆಟ್ಟದಲ್ಲಿ ಉಳುಮೆ ಮಾಡುವವನೂ ಬದುಕುವುದಕ್ಕಾಗಿಯೇ ಮಾಡುತ್ತಾನೆ ಎಂಬುದನ್ನು ಮಗು ತಿಳಿಯಬೇಕು. ತನ್ನ ಮಣ್ಣು ಹೋದರೆ ಮೊದಲು ಸೋಲುವವನು ತಾನೇ ಎಂಬುದನ್ನು ಅವನೂ ತಿಳಿಯಬೇಕು.

ಆದರೆ ಕಲ್ಲುಗಣಿಯಂಥ ದೊಡ್ಡ ಗಾಯಗಳ ಹೊರೆಯನ್ನು ಮಕ್ಕಳ ಹೆಗಲಿಗೆ ಹೊರಿಸುವಂತಿಲ್ಲ. ಪಾಂಡವಪುರ ತಾಲ್ಲೂಕಿನಲ್ಲಿಯೇ ಬೇಬಿ ಬೆಟ್ಟದ ಗಣಿಗಾರಿಕೆಯ ವಿವಾದ ಹಲವು ವರ್ಷ ನಡೆಯಿತು. 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಕೃಷ್ಣರಾಜಸಾಗರ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸುವ ಆದೇಶ ನೀಡಿತು. ಸ್ಫೋಟದಿಂದ ಅಣೆಕಟ್ಟೆಗೆ ಅಪಾಯವಾದೀತೆಂಬುದು ಅಲ್ಲಿನ ಮುಖ್ಯ ಕಾಳಜಿ. ಕಾಳಜಿ ಯುಕ್ತವಾದದ್ದೇ. ಆದರೂ ಅಲ್ಲಿಯೂ ಹಳೆಯ ಅಭ್ಯಾಸವೇ ಕಾಣುತ್ತದೆ. ಗೋಡೆಗಾಗಿ ಬೆಟ್ಟ ಉಳಿಯಬೇಕೆಂಬ ವಾದ ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಬೆಟ್ಟ ಬೆಟ್ಟವಾಗಿಯೇ, ನೀರಿನ ತಾಯಿಯಾಗಿ ಉಳಿಯಬೇಕೆಂಬ ವಾದ ಇನ್ನೂ ಅರ್ಥವಾಗಬೇಕಾಗಿದೆ.

ಮಕ್ಕಳ ನಕ್ಷೆ ಎಲ್ಲಿಗೆ ಹೋಗಬೇಕು

ಮಕ್ಕಳು ಬರೆದ ನಕ್ಷೆ ಶಾಲೆಯ ವಾರ್ಷಿಕೋತ್ಸವದ ದಿನ ಗೋಡೆಯ ಮೇಲೆ ತೂಗಿ, ಮರುವಾರ ಬೀರು ಸೇರಿದರೆ ವರ್ಷವಿಡೀ ಮಾಡಿದ ಪಾಠ ವ್ಯರ್ಥ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುವ ಕ್ರಮವಿದೆ. ಮಕ್ಕಳು ಅಲ್ಲಿ ಶೌಚಾಲಯ, ಆಟದ ಮೈದಾನ, ಬಸ್ಸುಗಳ ಬೇಡಿಕೆ ಇಡುತ್ತಾರೆ. ಅದರ ಜೊತೆಗೆ ಊರಿನ ಜಲಾನಯನದ ನಕ್ಷೆಯನ್ನೂ ಮಳೆ ಮತ್ತು ಬಾವಿಯ ಪಟ್ಟಿಯನ್ನೂ ಸಭೆಯ ಮುಂದಿಟ್ಟು, ನಡಾವಳಿಯಲ್ಲಿ ದಾಖಲಿಸಬೇಕೆಂದು ಕೇಳಬೇಕು. ಪ್ರತಿವರ್ಷ ಹೊಸ ತರಗತಿ ಹೊಸ ನಕ್ಷೆ ತರಬೇಕು. ಐದು ವರ್ಷದ ಐದು ನಕ್ಷೆಗಳು ಒಂದರ ಪಕ್ಕದಲ್ಲೊಂದು ನಿಂತಾಗ, ಕೆಂಪು ಹೆಚ್ಚಿದೆಯೋ ಹಸಿರು ಹೆಚ್ಚಿದೆಯೋ ಎಂಬುದು ಓದು ಬಾರದವರಿಗೂ ಕಾಣುತ್ತದೆ. ಆ ದಾಖಲೆಗೆ ಉತ್ತರ ಕೊಡುವ ಹೊಣೆ ಸಭೆಯಲ್ಲಿ ಕುಳಿತ ದೊಡ್ಡವರದು.

ಕರ್ನಾಟಕದಲ್ಲಿ ಚಿಕ್ಕವು ದೊಡ್ಡವು ಸೇರಿ ಸುಮಾರು 36,000 ಕೆರೆಗಳಿವೆ ಎಂದು ಹೇಳಲಾಗುತ್ತದೆ. ಅವುಗಳಲ್ಲಿ ತೊಣ್ಣೂರಿನಷ್ಟು ಕೀರ್ತಿ ಪಡೆದವು ಕೆಲವೇ. ಉಳಿದವಕ್ಕೆ ಅರಸರ ಕಥೆಯಿಲ್ಲ, ಪ್ರವಾಸಿಗರಿಲ್ಲ, ಗೆಜೆಟಿಯರಿನ ಪುಟವಿಲ್ಲ. ಆದರೆ ಪ್ರತಿಯೊಂದಕ್ಕೂ ಒಂದು ನೆತ್ತಿಯಿದೆ, ಒಂದು ಹಳ್ಳವಿದೆ, ಅದರ ಹತ್ತಿರ ಬಹುಶಃ ಒಂದು ಪ್ರಾಥಮಿಕ ಶಾಲೆಯೂ ಇದೆ.

ಮುಂದಿನ ಮಳೆಗಾಲದಲ್ಲಿ ತೊಣ್ಣೂರಿಗೆ ಶಾಲಾಪ್ರವಾಸ ಹೋಗುವ ಮಕ್ಕಳಿಗೆ ಶಿಕ್ಷಕರು ಏರಿಯನ್ನು ಖಂಡಿತ ತೋರಿಸಲಿ, ಕಟ್ಟಿದವರ ಜಾಣ್ಮೆಯನ್ನು ಹೊಗಳಲಿ. ಆಮೇಲೆ ಒಂದು ನಿಮಿಷ ಮಕ್ಕಳನ್ನು ಹಿಂದಕ್ಕೆ ತಿರುಗಿಸಿ ಬೆಟ್ಟಗಳನ್ನೂ ತೋರಿಸಲಿ. ಊರಿಗೆ ಮರಳಿದ ಮೇಲೆ ಆ ಮಕ್ಕಳು ಮತ್ತೊಮ್ಮೆ ಕೆರೆಯ ಚಿತ್ರ ಬರೆಯಲಿ. ಮೋಡಕ್ಕೂ ನೀಲಿ ವೃತ್ತಕ್ಕೂ ನಡುವೆ ಒಂದು ಬೆಟ್ಟ, ಅದರ ಮೇಲೆ ನಾಲ್ಕು ಹುಲ್ಲುಗರಿ, ಒಂದು ಹಳ್ಳ, ಆ ಹಳ್ಳಕ್ಕೊಂದು ಹೆಸರು ಕಂಡುಬಂದರೆ ಪಾಠ ಮುಟ್ಟಿತೆಂದು ತಿಳಿಯಬಹುದು.